ತೋರಣವಿಲ್ಲದ ಬಾಗಿಲು



ಚೈತ್ರವು ಮರಗಳಿಗೆ ಚಿಗುರನ್ನು ತರುವಂತೆ ನಮ್ಮ ಊರುಗಳ ಬಾಗಿಲುಗಳಿಗೂ ಹೊಸ ಕಳೆಯನ್ನು ತರುತ್ತದೆ. ಫಾಲ್ಗುಣ ಹುಣ್ಣಿಮೆಯ ಕಾಮದಹನ ಮುಗಿದು, ಓಕುಳಿಯ ಕಲೆಗಳು ಓಣಿಯ ಗೋಡೆಗಳಿಂದ ಇನ್ನೂ ಮಾಸದಿರುವಾಗಲೇ ಮನೆಮನೆಗಳಲ್ಲಿ ಸಾರಣೆ ಕಾರಣೆಗಳು ಆರಂಭವಾಗುತ್ತವೆ. ಆಗಿನಿಂದ ವೈಶಾಖ ಶುದ್ಧ ತದಿಗೆಯ ಬಸವ ಜಯಂತಿಯವರೆಗೆ ಧಾರವಾಡದ ಹೊಸಯಲ್ಲಾಪುರ, ಕಾಮನಕಟ್ಟಿ ಮೊದಲಾದ ಹಳೆಯ ಭಾಗದ ಓಣಿಗಳಲ್ಲಿ ಮುಂಜಾನೆ ನಡೆದಾಡುವುದೇ ಒಂದು ಹಬ್ಬ. ಬೇಲೂರು ಹಳೇಬೀಡುಗಳ ಕೆತ್ತನೆಯ ಬಾಗಿಲುಗಳನ್ನು ನೋಡಲು ಬಸ್ಸು ಮಾಡಿಕೊಂಡು ಹೋಗುವವರು ನೆರೆಮನೆಯ ಹೊಸ್ತಿಲನ್ನು ಕಣ್ತುಂಬ ನೋಡಿರುವುದಿಲ್ಲ. ಆದುದರಿಂದ 2025ರ ಯುಗಾದಿಯಂದು ನಾವು ಓಣಿಯ ಮಕ್ಕಳನ್ನೂ, ಅಕ್ಕನ ಬಳಗದ ಇಬ್ಬರು ತಾಯಂದಿರನ್ನೂ ಜೊತೆಗೆ ಕರೆದುಕೊಂಡು, ಬಾಗಿಲುಗಳನ್ನು ನೋಡುವ ಸಲುವಾಗಿಯೇ ಹೊರಟೆವು. ಆ ನಡಿಗೆಯಲ್ಲಿ ಕಂಡುದನ್ನೂ, ಕಂಡ ಒಂದು ಬಾಗಿಲಿನಿಂದ ಮುಂದೆ ನಡೆದುದನ್ನೂ ಓದುಗರ ಮುಂದಿಡುವುದು ಈ ತಿಂಗಳ ಅಂಕಣದ ಉದ್ದೇಶ.

ಆ ಯುಗಾದಿ ಮಾರ್ಚ್ 30ರ ರವಿವಾರ ಬಂದಿತ್ತು. ವಿಶ್ವಾವಸು ಸಂವತ್ಸರದ ಮೊದಲ ದಿನ. ಹಿಂದಿನ ದಿನ ಶನಿವಾರ ಅಮಾವಾಸ್ಯೆ. ಅಂದು ಪಾರ್ಶ್ವ ಸೂರ್ಯಗ್ರಹಣವೂ ಇತ್ತು. ಆದರೆ ಅದು ಭಾರತದಲ್ಲಿ ಎಲ್ಲಿಯೂ ಗೋಚರಿಸುವಂತಿರಲಿಲ್ಲ. ಕಾಣದ ಗ್ರಹಣದ ಮೈಲಿಗೆಗೆ ಅಂಜಿ, ತೋರಣಕ್ಕೆ ಎಲೆ ಕೊಯ್ಯಬಹುದೋ ಬಾರದೋ ಎಂದು ವಿಚಾರಿಸಿದವರು ನಮ್ಮ ಓಣಿಯಲ್ಲಿಯೂ ಇದ್ದರು. ಅದನ್ನು ಕೇಳಿದ ಒಬ್ಬ ಹುಡುಗ, "ಸೂರ್ಯ ನಮಗ ಮರೀ ಆಗಿಲ್ಲ ಅಂದ ಮ್ಯಾಲೆ ಮೈಲಿಗೀ ಒಂದ ಹೆಂಗ ಇಲ್ಲೀ ತನಕ ಬಂತು?" ಎಂದ. ಹಿರಿಯರು ಯಾರೂ ಉತ್ತರ ಕೊಡಲಿಲ್ಲ. ಮಕ್ಕಳು ಎಲೆ ತರಲು ಹೋದರು.

ನಮ್ಮ ಓಣಿಗೆಲ್ಲ ಸಾಕಾಗುವಷ್ಟು ಎಲೆ ಕೊಡುವ ಮಾವಿನ ಮರವಿರುವುದು ಒಂದು ಮುಸಲ್ಮಾನ ಕುಟುಂಬದ ಹಿತ್ತಲಲ್ಲಿ. ಆ ಮನೆಯ ಹಿರಿಯರು ಪ್ರತಿ ವರ್ಷ ಅಮಾವಾಸ್ಯೆಯ ಸಂಜೆ ತಾವೇ ಗಳ ಹಿಡಿದು ನಿಂತು, ಕಾಯಿ ಹಿಡಿದ ಟೊಂಗೆಗೆ ಪೆಟ್ಟಾಗದಂತೆ ಎಲೆ ಕೊಯ್ದು ಹಂಚುತ್ತಾರೆ. ಎಲೆಯ ತೊಟ್ಟನ್ನು ಸುತಳಿಯ ಮೇಲೆ ಮಡಿಚಿ ಕಸಬರಿಗೆಯ ಕಡ್ಡಿಯ ಚೂರಿನಿಂದ ಚುಚ್ಚುವುದು ಹಳೆಯ ಕ್ರಮ. ಈಗಿನ ಮಕ್ಕಳು ಶಾಲೆಯ ಚೀಲದಿಂದ ಸ್ಟೇಪ್ಲರ್ ತೆಗೆದು ಟಕಟಕನೆ ಹೊಡೆದು ಮುಗಿಸುತ್ತಾರೆ. ಕೆಲಸವೇನೋ ಬೇಗ ಆಗುತ್ತದೆ. ಆದರೆ ಒಣಗಿದ ತೋರಣವನ್ನು ದನದ ಮುಂದೆ ಹಾಕುವವರು ಆ ತಂತಿಯ ಚೂರುಗಳನ್ನು ಒಂದೊಂದಾಗಿ ಕೀಳಬೇಕು ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕಾಗಿದೆ. ಮಾವಿನ ಎಲೆಗೆ ಒಂದು ಗುಣವಿದೆ. ಅದು ಹೂವಿನಂತೆ ಬಾಡಿ ಉದುರುವುದಿಲ್ಲ. ಒಣಗಿ ಗರಿಗರಿಯಾಗಿ, ಗಾಳಿಗೆ ಸಪ್ಪಳ ಮಾಡುತ್ತ ಮುಂದಿನ ಹಬ್ಬದವರೆಗೂ ಬಾಗಿಲಲ್ಲೇ ತೂಗಿಕೊಂಡಿರುತ್ತದೆ.

ಮರುದಿನ ಲಿಂಗಪೂಜೆ ಮುಗಿಸಿ, ಬಿಸಿಲೇರುವ ಮೊದಲೇ ಹೊರಟೆವು. ಮಕ್ಕಳಿಗೆ ಹೇಳಿದ ನಿಯಮ ಒಂದೇ: ಯಾವ ಮನೆಯದು ಚೆಂದ, ಯಾವುದು ಅಲ್ಲ ಎಂಬ ಮಾತು ಕೂಡದು, ಪ್ರತಿ ಬಾಗಿಲಿನ ಮುಂದೆ ನಿಂತು, ಇಲ್ಲಿ ಯಾರಿದ್ದಾರೆ, ಏನು ಮಾಡುತ್ತಾರೆ ಎಂಬುದನ್ನು ಅಲಂಕಾರ ನೋಡಿಯೇ ಹೇಳಬೇಕು. ಮಕ್ಕಳು ಈ ಆಟದಲ್ಲಿ ನಮ್ಮನ್ನು ಮೀರಿಸಿದರು.

ಮೊದಲನೆಯದು ಒಬ್ಬ ಸಿಂಪಿಗರ ಮನೆ. ಬಾಗಿಲಿಗೆ ತೋರಣವಿತ್ತು, ಆದರೆ ಎಲೆಗಳೆಲ್ಲ ಹಸಿರು ಅರಿವೆಯ ತುಣುಕುಗಳು. ಕುಪ್ಪಸ ಹೊಲಿದು ಉಳಿದ ಬಟ್ಟೆಗಳಲ್ಲಿ ಗಿಳಿಹಸಿರು, ಎಲೆಹಸಿರು, ಪಾಚಿಹಸಿರುಗಳನ್ನೆಲ್ಲ ಆಯ್ದು, ಎಲೆಯ ಆಕಾರಕ್ಕೆ ಕತ್ತರಿಸಿ, ನಡುವಿನ ನರವನ್ನು ಹಳದಿ ದಾರದಲ್ಲಿ ಹೊಲಿದಿದ್ದರು. ಸರಿಯಾಗಿ ಮಧ್ಯದಲ್ಲಿ ಮಾತ್ರ ಒಂದು ನಿಜವಾದ ಮಾವಿನ ಎಲೆ. "ಇದೊಂದ ಯಾಕ ಹಸೀದು?" ಎಂದು ಕೇಳಿದರೆ, "ಉಳದವಕ್ಕ ಅಳತಿ ಕೊಟ್ಟಿದ್ದು ಅದ ಅಲ್ಲರೀ" ಎಂದು ಮನೆಯೊಡತಿ ನಕ್ಕರು.

ಅದರ ಮುಂದಿನ ಮನೆಗೆ ಅಂಗಳವೆಂಬುದೇ ಇಲ್ಲ. ಹೊಸ್ತಿಲು ದಾಟಿದರೆ ರಸ್ತೆ. ಆಟೋ ರಿಕ್ಷಾ ನಡೆಸುವವರ ಕುಟುಂಬ. ಅವರು ರಂಗೋಲಿಯನ್ನು ರಿಕ್ಷಾದ ಮೂರು ಗಾಲಿಗಳ ಸುತ್ತ ಹಾಕಿ, ಎದುರಿನ ಗಾಜಿಗೆ ತೋರಣ ಕಟ್ಟಿ, ಹ್ಯಾಂಡಲಿನ ಎರಡೂ ಕಡೆಗೆ ಹೂಬಿಟ್ಟ ಬೇವಿನ ಟೊಂಗೆ ಸಿಕ್ಕಿಸಿದ್ದರು. ಗಾಜಿನ ಮೇಲೆ ವಿಭೂತಿಯ ಮೂರು ಪಟ್ಟಿ. ಮೊದಲ ಬಾಡಿಗೆ ಬಂದು ರಿಕ್ಷಾ ಹೊರಟುಹೋದ ಮೇಲೆ ಆ ಮೂರು ರಂಗೋಲಿಗಳು ರಸ್ತೆಯಲ್ಲಿ ಉಳಿದಿರುವುದನ್ನು ಮರಳುವಾಗ ನೋಡಿದೆವು. ಏನೂ ಇಲ್ಲದ ಜಾಗದ ಸುತ್ತ ಮೂರು ಕಮಲಗಳು! ದಾರಿಹೋಕರು ಇವು ಯಾರ ಪೂಜೆಗೆಂದು ಬೆರಗಾಗಿರಬೇಕು.

ಮತ್ತೊಂದು ಮನೆಯಲ್ಲಿ ಹತ್ತನೆಯ ತರಗತಿಯ ಹುಡುಗಿ. ಪರೀಕ್ಷೆಗಳು ಇನ್ನೂ ಮುಗಿದಿರಲಿಲ್ಲ. ಅವಳ ತಮ್ಮ ಅಂಗಳದಲ್ಲಿ ದೊಡ್ಡ ಅಕ್ಷರಗಳಲ್ಲಿ "ಗದ್ದಲ ಮಾಡಬ್ಯಾಡ್ರಿ, ಅಕ್ಕ ಓದಾಕತ್ಯಾಳ" ಎಂದು ರಂಗೋಲಿ ಪುಡಿಯಲ್ಲಿ ಬರೆದು, ಕೆಳಗೆ ಬಾಯಿಯ ಮೇಲೆ ಬೆರಳಿಟ್ಟ ಒಂದು ಕಾಗೆಯ ಚಿತ್ರ ಬಿಡಿಸಿದ್ದ. ಕಾಗೆಗೆ ಬೆರಳೆಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ; ನಾವೆಲ್ಲ ಪಿಸುಮಾತಿನಲ್ಲೇ ಮುಂದೆ ಸಾಗಿದೆವು.

ನೀರು ಬರುವ ದಿನವನ್ನು ಎಣಿಸಿಕೊಂಡು ಕೂಡುವ ಊರು ನಮ್ಮದು. ಒಂದು ವಠಾರದ ಹೆಣ್ಣುಮಕ್ಕಳು ಬಾಗಿಲುಗಳನ್ನೆಲ್ಲ ಬಿಟ್ಟು ಮೊದಲು ನಳಕ್ಕೆ ತೋರಣ ಕಟ್ಟಿದ್ದರು. ಗೇಣುದ್ದದ ಪುಟ್ಟ ತೋರಣ, ಕುಂಕುಮ, ಕೆಳಗೆ ಐದೆಳೆಯ ರಂಗೋಲಿ. ಹೊಸ ವರ್ಷದಲ್ಲಾದರೂ ಹೊತ್ತಿಗೆ ಸರಿಯಾಗಿ ಬಾರಯ್ಯ ಎಂಬ ಪ್ರಾರ್ಥನೆ ಬೇರೆ ಹೇಳಬೇಕಾಗಿರಲಿಲ್ಲ. ಮೂಲೆಯ ಮರಾಠಿ ಮನೆಯವರು ಬಿದಿರಿನ ಕೋಲಿಗೆ ರೇಷ್ಮೆಯ ಅರಿವೆ ಉಡಿಸಿ, ಮೇಲೆ ತಾಮ್ರದ ತಂಬಿಗೆ ಬೋರಲಿಟ್ಟು, ಬೇವಿನ ಎಲೆ, ಸಕ್ಕರೆಯ ಸರ ಕಟ್ಟಿ ಗುಡಿ ಏರಿಸಿದ್ದರು. ಹೊಸದಾಗಿ ಕಟ್ಟಿದ ಮೂರಂತಸ್ತಿನ ಮನೆಯೊಂದರ ಮುಂದೆ ಮಾತ್ರ ನಮಗೆ ನಗುವೂ ಬಂತು, ಬೇಸರವೂ ಆಯಿತು. ಬಾಗಿಲ ಮೇಲೆ ಬಸವಣ್ಣನವರ ಭಾವಚಿತ್ರ; ಅದರ ಪಕ್ಕದಲ್ಲೇ ನಾಲಿಗೆ ಚಾಚಿದ ದೃಷ್ಟಿಗೊಂಬೆ! ಅಪ್ಪ ಬಸವಣ್ಣನಿದ್ದ ಬಾಗಿಲಿಗೆ ಈ ಕಾವಲುಗಾರ ಏತಕ್ಕೆ ಎಂದು ನಾವು ಯೋಚಿಸುತ್ತಿರುವಾಗಲೇ, ಆ ಮನೆಯ ಮೊಮ್ಮಗ ಬೊಂಬೆಗೆ ಎರಡು ಮಾವಿನ ಎಲೆಗಳ ಹುರಿಮೀಸೆ ಅಂಟಿಸಿ, ಕಿವಿಗೆ ಬೇವಿನ ಹೂ ಮುಡಿಸಿದ್ದನ್ನು ಮಕ್ಕಳು ತೋರಿಸಿದರು. ಇನ್ನು ಆ ಬೊಂಬೆಗೆ ಯಾರೂ ಅಂಜಲಾರರು.

ನಿವೃತ್ತ ಗಣಿತ ಶಿಕ್ಷಕರೊಬ್ಬರ ಅಂಗಳದಲ್ಲಿ ನಾವು ಬಹಳ ಹೊತ್ತು ನಿಂತೆವು. ಮನೆಯವರು ಹದಿನೈದರಿಂದ ಎಂಟರ ಚುಕ್ಕಿ ರಂಗೋಲಿ ಹಾಕಿದ್ದರು. ತಿಳಿಯದವರಿಗಾಗಿ ಹೇಳುವುದಾದರೆ, ನಡುವಿನ ಸಾಲಿನಲ್ಲಿ 15 ಚುಕ್ಕಿ. ಅದರ ಮೇಲೆ ಕೆಳಗೆ 14, 13 ಎಂದು ಒಂದೊಂದು ಕಡಿಮೆ ಮಾಡುತ್ತ, ಪ್ರತಿ ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ನಡುವೆ ಬರುವಂತೆ ಇಟ್ಟು, 8ಕ್ಕೆ ನಿಲ್ಲಿಸಬೇಕು. ಒಟ್ಟು ಎಷ್ಟು ಚುಕ್ಕಿ ಎಂದು ಗುರುಗಳು ಮಕ್ಕಳನ್ನು ಕೇಳಿದರು. ಎಲ್ಲರೂ ಎಣಿಸತೊಡಗಿ ನಡುವೆ ತಪ್ಪಿದರು. "169, ಹದಿಮೂರು ಹದಿಮೂರಲಿ" ಎಂದು ಒಳಗಿನಿಂದ ಅವರ ಪತ್ನಿಯವರ ಧ್ವನಿ ಕೇಳಿಸಿತು. "ನಲವತ್ತು ವರ್ಷ ಲೆಕ್ಕ ಕಲಿಸಿದವನು ನಾನು, ಎಣಿಸದೇ ಚುಕ್ಕಿ ಇಡುವವಳು ಅವಳು" ಎಂದರು ಗುರುಗಳು. ರಂಗೋಲಿಯನ್ನು ಹೆಂಗಸರ ಹೊತ್ತುಗಳೆಯುವ ಕೆಲಸವೆಂದು ತಿಳಿದವರು ಆ 169 ಚುಕ್ಕಿಗಳನ್ನು ಬಗ್ಗಿ ನಿಂತು, ಸಾಲು ಸೊಟ್ಟಾಗದಂತೆ, ಒಂದೇ ಗಾತ್ರದಲ್ಲಿ ಒಮ್ಮೆ ಇಟ್ಟು ನೋಡಲಿ. ಈಗ ಅಂಗಡಿಗಳಲ್ಲಿ ತೂತು ಕೊರೆದ ಜಾಲರಿ, ಉರುಳಿಸುವ ಕೊಳವೆ, ಅಂಟಿಸುವ ಹಾಳೆ ಎಲ್ಲವೂ ದೊರೆಯುತ್ತವೆ. ಮುಂಜಾನೆ ಕೆಲಸಕ್ಕೆ ಓಡಬೇಕಾದ ಸೊಸೆಯಂದಿರು ಅವನ್ನು ಬಳಸಿದರೆ ನಾವು ತಪ್ಪೆನ್ನುವುದಿಲ್ಲ. ಪ್ಲಾಸ್ಟಿಕ್ಕಿನ ತೋರಣದ ಮಾತು ಬೇರೆ. ವರ್ಷವಿಡೀ ಧೂಳು ತಿಂದು ನೇತಾಡುವ ಅದಕ್ಕೆ ಯುಗಾದಿಯೂ ಒಂದೇ, ಶ್ರಾವಣವೂ ಒಂದೇ.

ಓಣಿಯ ಕೊನೆಯ ಹಳೆಯ ಮನೆಯ ಅಜ್ಜಿಯವರು ಹೆಬ್ಬಾಗಿಲಿನಿಂದ ಹಿತ್ತಲ ದನದ ಕೊಟ್ಟಿಗೆಯವರೆಗೆ ಸುಣ್ಣದ ನೀರಿನಲ್ಲಿ ಬೆರಳದ್ದಿ ಪುಟ್ಟ ಗೊರಸುಗಳನ್ನು ಮೂಡಿಸಿದ್ದರು. ಗೋಡೆಯ ಬುಡಕ್ಕೆ ಹುರಮಂಜಿನ ಕೆಂಪು ಪಟ್ಟಿ, ಅದರ ಮೇಲೆ ಬಿಳಿಯ ಚುಕ್ಕಿ. ಆ ಮನೆಯಲ್ಲಿ ಎತ್ತುಗಳನ್ನು ಮಾರಿ ಎಷ್ಟೋ ವರ್ಷಗಳಾಗಿವೆ. ಕೊಟ್ಟಿಗೆಯಲ್ಲಿ ಈಗ ನಿಂತಿರುವುದು ಮೊಮ್ಮಗನ ಬೈಕು. "ಬಸವಣ್ಣಗ ದಾರಿ ಮರೀಬಾರದಲ್ಲ" ಎಂದಷ್ಟೇ ಹೇಳಿ ಅಜ್ಜಿ ನಮಗೆಲ್ಲ ಬೇವು ಕೊಟ್ಟರು. ಬೇವಿನ ಹೂ, ಬೆಲ್ಲ, ಹುಣಸೆ, ಪುಟಾಣಿಯ ಹಿಟ್ಟು ಕಲಸಿದ ಪಾನಕ; ಅವರ ಕೈಯದರಲ್ಲಿ ಬೇವು ಸ್ವಲ್ಪ ಮುಂದಾಗಿಯೇ ಇರುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಜೊತೆಯಲ್ಲಿದ್ದ ತಾಯಿಯೊಬ್ಬರು, ಮುಂದಿನ ವರ್ಷ ಬಹುಮಾನ ಇಟ್ಟು ಸ್ಪರ್ಧೆ ಮಾಡೋಣವೆಂದರು. ನಮಗೆ ಒಪ್ಪಿಗೆಯಾಗಲಿಲ್ಲ. ಸ್ಪರ್ಧೆ ಇಟ್ಟ ಕೂಡಲೇ ನಳದ ತೋರಣವೂ, ಬೆರಳಿರುವ ಕಾಗೆಯೂ ಮಾಯವಾಗಿ, ಎಲ್ಲರ ಅಂಗಳದಲ್ಲಿಯೂ ಪುಸ್ತಕದಿಂದ ಇಳಿಸಿದ ಒಂದೇ ನವಿಲು ಕುಣಿಯತೊಡಗುತ್ತದೆ. ಹೀಗೆ ಮಾತನಾಡುತ್ತ ಮರಳುವಾಗ, ಬರುವ ಹೊತ್ತಿನಲ್ಲಿ ನಾವು ಯಾರೂ ನಿಲ್ಲದೆ ದಾಟಿ ಬಂದಿದ್ದ ಒಂದು ಮನೆಯ ಮುಂದೆ ಚಿಕ್ಕ ಹುಡುಗಿಯೊಬ್ಬಳು ನಿಂತುಬಿಟ್ಟಳು.

ಆ ಅಂಗಳವನ್ನು ಗುಡಿಸಿ ನೀರು ಹೊಡೆದಿದ್ದರು. ಅಷ್ಟೇ. ರಂಗೋಲಿ ಇರಲಿಲ್ಲ, ಬಾಗಿಲಿಗೆ ಒಂದು ಎಲೆಯೂ ಇರಲಿಲ್ಲ. ಹಳೆಯ ತೋರಣದ ಸುತಳಿ ಮಾತ್ರ ಎರಡು ಮೊಳೆಗಳ ನಡುವೆ ಹಾಗೆಯೇ ಇತ್ತು. ಇದು ಓಣಿಯ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೆ ರಂಗೋಲಿ ಕಲಿಸಿದ ತಾಯಿಯ ಮನೆ. ಹಿಂದಿನ ವರ್ಷಗಳಲ್ಲಿ ಯುಗಾದಿಯಂದು ಇವರ ಅಂಗಳದ ಮುಂದೆ ಸೈಕಲ್ಲು ನಿಲ್ಲಿಸಿ ನೋಡುವವರ ಗುಂಪೇ ಇರುತ್ತಿತ್ತು. ಯಜಮಾನರು ಹಿಂದಿನ ಶ್ರಾವಣದಲ್ಲಿ ಲಿಂಗೈಕ್ಯರಾಗಿದ್ದರು.

ಮಕ್ಕಳ ಧ್ವನಿ ಕೇಳಿ ಆ ತಾಯಿ ಹೊರಗೆ ಬಂದರು. ಹೊಸ್ತಿಲ ಒಳಗೇ ನಿಂತರು.

"ಅಜ್ಜೀ, ನಿಮ್ಮ ಮನೀ ಮುಂದ ಯಾಕ ರಂಗೋಲಿ ಇಲ್ಲ?" ಎಂದಳು ಹುಡುಗಿ.

"ಈ ವರ್ಷ ನಮ್ಮ ಮನ್ಯಾಗ ಹಬ್ಬ ಇಲ್ಲವ್ವಾ."

"ನಮ್ಮ ಮನ್ಯಾಗ ಐತಲ್ಲ, ನಿಮ್ಮ ಮನ್ಯಾಗ ಹೆಂಗ ಇಲ್ಲ?"

ಜೊತೆಗಿದ್ದವರು ಅವಳ ಕೈಹಿಡಿದು ಎಳೆದರು. ಆ ತಾಯಿ ಮಾತ್ರ ನಮ್ಮನ್ನೆಲ್ಲ ಒಳಗೆ ಕರೆದು, ಪಡಸಾಲೆಯಲ್ಲಿ ಕೂಡಿಸಿ, ನೀರು ಬೆಲ್ಲ ಕೊಟ್ಟರು. ಗೋಡೆಗೂಡಿನಲ್ಲಿ ರಂಗೋಲಿಯ ಡಬ್ಬಿ ಮುಚ್ಚಳ ಬಿಗಿದು ಕುಳಿತಿತ್ತು. ಅವರು ಮಾತನಾಡುವಾಗಲೆಲ್ಲ ಬಲಗೈಯ ಹೆಬ್ಬೆರಳು ತೋರುಬೆರಳುಗಳು ಪುಡಿ ಬಿಡುವ ಹಾಗೆ ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು.

"ವರ್ಷ ತುಂಬಿಲ್ಲಂತ ಎಲ್ಲಾರೂ ಬ್ಯಾಡ ಅಂದ್ರಿ" ಎಂದರು ನಮ್ಮ ಕಡೆಗೆ ತಿರುಗಿ. "ವರ್ಷ ತುಂಬಿದ ಮ್ಯಾಲೂ ನೀವು ಹೊಸ್ತಲಕ್ಕ ಕೈ ಹಚ್ಚೂದು ಬ್ಯಾಡ, ಸೊಸಿ ಮಾಡಲಿ ಅಂತಾರ. ಸೊಸಿ ಇರೂದು ಪುಣೇದಾಗ. ನನಗ ದುಃಖ ಐತ್ರಿ, ಇಲ್ಲ ಅನ್ನಂಗಿಲ್ಲ. ಆದರ ಚುಕ್ಕಿ ಇಡಾಕ ಕುಂತರ ಒಂದ ತಾಸು ಅದು ಹಗುರ ಆಗತೈತಿ. ಅದನ್ನೂ ಬಿಡಸಿದರ ಮುಂಜಾನೆ ಎದ್ದು ಏನ ಮಾಡಲಿ?" ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ಎದುರ ಮನೀ ಹೊಸಾ ಸೊಸಿ ಮೊನ್ನೆ ಮೊದಲನೇ ಸಲ ಅಂಗಳದಾಗ ಚುಕ್ಕಿ ಇಟ್ಟಳ್ರಿ. ಆಕಿ ಅತ್ತೀಗೆ ಕಲಿಸಿದಾಕಿ ನಾನು. ಕಿಡಕ್ಯಾಗಿಂದ ನೋಡಿದೆ. ಸಾಲು ತಪ್ಪಿತ್ತು. ಹೋಗಿ ಹೇಳಾಕ ಬರಲಿಲ್ಲ."

ನಾವು ಅಲ್ಲಿ ಹೆಚ್ಚು ಮಾತನಾಡಲಿಲ್ಲ. ಆದರೆ ಈ ಅಂಕಣದಲ್ಲಿ ಮಾತನಾಡದೇ ಇರುವುದು ಸಾಧ್ಯವಿಲ್ಲ.

ಆ ಮನೆಯಲ್ಲಿ ಯಜಮಾನರು ತೀರಿಕೊಂಡಾಗ ಹಂಚಿದ ಪತ್ರಿಕೆಯನ್ನು ನಾವು ನೋಡಿದ್ದೇವೆ. ನಮ್ಮ ಎಲ್ಲರ ಮನೆಯ ಪತ್ರಿಕೆಗಳಂತೆ ಅದರಲ್ಲಿಯೂ "ಲಿಂಗೈಕ್ಯರಾದರು" ಎಂದೇ ಅಚ್ಚಾಗಿತ್ತು. "ಶಿವಗಣಾರಾಧನೆ" ಎಂದೇ ಕರೆಯಿತ್ತು. ಲಿಂಗದಲ್ಲಿ ಬೆರೆತರು ಎಂದು ಊರಿಗೆಲ್ಲ ಸಾರಿದ ಮನೆಯ ಬಾಗಿಲು ಆ ಕಾರಣಕ್ಕಾಗಿಯೇ ವರ್ಷವಿಡೀ ಅಶುಭವಾಗುವುದು ಹೇಗೆ? ಜನನ ಸೂತಕ, ಮರಣ ಸೂತಕ, ರಜಸ್ಸೂತಕ, ಎಂಜಲ ಸೂತಕ, ಜಾತಿ ಸೂತಕ ಎಂಬ ಐದೂ ಸೂತಕಗಳು ಇಷ್ಟಲಿಂಗವನ್ನು ಧರಿಸಿದವರಿಗೆ ಇಲ್ಲವೆಂಬುದು ಹನ್ನೆರಡನೆಯ ಶತಮಾನದ ಶರಣರು ನಮ್ಮ ಕೈಗೆ ಕೊಟ್ಟುಹೋದ ನಿಲುವು. ಶಾಲೆಯ ಭಾಷಣ ಸ್ಪರ್ಧೆಯಲ್ಲಿ ನಮ್ಮ ಮಕ್ಕಳು ಈ ಐದರ ಹೆಸರನ್ನು ತಪ್ಪದೆ ಹೇಳಿ ಬಹುಮಾನ ತರುತ್ತಾರೆ. ಮನೆಗೆ ಬಂದು ನೋಡಿದರೆ ಅಜ್ಜಿಯ ಕೈಯಿಂದ ರಂಗೋಲಿಯ ಡಬ್ಬಿಯನ್ನು ಕಸಿದಿಟ್ಟಿರುತ್ತೇವೆ. ಇದನ್ನೆಲ್ಲ ಮಾಡುವವರು ದುಷ್ಟರೇನೂ ಅಲ್ಲ. ಆ ತಾಯಿಗೆ "ಬ್ಯಾಡ" ಎಂದವರು ಅವರಿಗೆ ಜ್ವರ ಬಂದಾಗ ಗಂಜಿ ಕಾಸಿ ತಂದುಕೊಟ್ಟ ನೆರೆಯವರೇ, ಸ್ವಂತ ಅಕ್ಕ ತಂಗಿಯರೇ. ಪ್ರೀತಿಯೊಡನೆ ಅಂಜಿಕೆಯೂ ಸೇರಿಕೊಂಡಿರುತ್ತದೆ. ಯಾರಾದರೂ ಏನಾದರೂ ಅಂದಾರು ಎಂಬುದು ಅದಕ್ಕಿಂತ ದೊಡ್ಡ ಅಂಜಿಕೆ.

ಇಲ್ಲಿ ಹಿರಿಯರು ಒಂದು ಮಾತು ಕೇಳುತ್ತಾರೆ: ಹೋದವರಿಗೆ ತೋರಿಸುವ ಗೌರವಕ್ಕಾಗಿ ಒಂದು ವರ್ಷ ಸಂಭ್ರಮ ಬಿಟ್ಟರೆ ಏನು ತಪ್ಪು? ತಪ್ಪೇನೂ ಇಲ್ಲ. ಜೊತೆಯಲ್ಲಿ ಬಾಳಿದ ಜೀವ ಹೋದಾಗ ಹೋಳಿಗೆ ಬೇಯಿಸಲು ಮನಸ್ಸಾಗದಿದ್ದರೆ, ತೋರಣ ಕಟ್ಟಲು ಕೈ ಏಳದಿದ್ದರೆ, ಅದು ಅವರವರ ದುಃಖದ ಹಕ್ಕು. ಹಬ್ಬ ಮಾಡಲೇಬೇಕೆಂದು ಹೋಗಿ ಒತ್ತಾಯಿಸುವುದೂ ಒಂದು ಕ್ರೌರ್ಯವೇ. ಆದರೆ ದುಃಖದಿಂದ ತಾನಾಗಿ ಬಿಟ್ಟ ಬಾಗಿಲು ಬೇರೆ. ನಿನ್ನ ಕೈ ಶುಭವಲ್ಲ ಎಂದು ಬಿಡಿಸಿದ ಬಾಗಿಲು ಬೇರೆ. ಹೊರಗೆ ನಿಂತು ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಒಳಗೆ ಹೋಗಿ ಕೂತು ಕೇಳಿದಾಗ ಮಾತ್ರ ಯಾವುದು ಯಾವುದೆಂದು ತಿಳಿಯುತ್ತದೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಆ ಹುಡುಗಿ ಕೇಳಿದ್ದು ಮರ್ಯಾದೆಗೆಟ್ಟ ಪ್ರಶ್ನೆಯಲ್ಲ. ನಾವೆಲ್ಲ ಏಳು ತಿಂಗಳಿಂದ ಕೇಳಬೇಕಾಗಿದ್ದ ಪ್ರಶ್ನೆ.

ಇನ್ನೊಂದನ್ನೂ ಗಮನಿಸಬೇಕು. ಹೆಂಡತಿಯನ್ನು ಕಳೆದುಕೊಂಡ ಗಂಡಸು ಮರುವರ್ಷ ಮದುವೆಯ ಚಪ್ಪರದಲ್ಲಿ ಮುಂದಾಳಾಗಿ ಓಡಾಡಿದರೆ, ಜಾತ್ರೆಯ ತೇರಿಗೆ ಕೈ ಹಚ್ಚಿದರೆ, ಅವನ ಕೈ ಅಶುಭವೆಂದು ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ. ಹೆಣ್ಣಿಗೂ ಗಂಡಿಗೂ ಒಂದೇ ಲಿಂಗವನ್ನು ಕಟ್ಟುವ ಸಮಾಜದಲ್ಲಿ ಈ ಎರಡು ಅಳತೆ ಎಲ್ಲಿಂದ ಬಂದವು?

ಏಪ್ರಿಲ್ ತಿಂಗಳ ನಡುವೆ ಅಕ್ಕನ ಬಳಗದ ಸಭೆ ಸೇರಿತು. ಸಾರ್ವಜನಿಕವಾಗಿ ಬಸವ ಜಯಂತಿಯನ್ನು ಆಚರಿಸುವ ಪದ್ಧತಿಯನ್ನು ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಆರಂಭಿಸಿದಂದಿನಿಂದ ಅದು ಊರೂರಿಗೆ ಹಬ್ಬಿದೆ. ನಮ್ಮ ಓಣಿಯಲ್ಲಿ ಅಂದು ಹೆಣ್ಣುಮಕ್ಕಳು ಕೂಡಿ ಬಸವಣ್ಣನ ತೊಟ್ಟಿಲು ತೂಗುವ ರೂಢಿ. ಆ ತೊಟ್ಟಿಲ ಮುಂದಿನ ರಂಗೋಲಿಯನ್ನು ಈ ಸಲವೂ ಅದೇ ತಾಯಿಯಿಂದಲೇ ಹಾಕಿಸೋಣ ಎಂಬ ಮಾತು ಬಂತು. ಕೆಲವರು ನೆಲ ನೋಡಿದರು. ಒಬ್ಬರು, "ನಾಮಕರಣದ ಕಾರ್ಯ, ಮಂದಿ ಏನಂದಾರು" ಎಂದರು. ಆಗ ಮೂಲೆಯಲ್ಲಿದ್ದ ಗೊರಸಿನ ಅಜ್ಜಿ, ತಾವು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು, ಕೋಲೂರಿ ಎದ್ದು ನಿಂತರು. "ನಾ ಮೂವತ್ತು ವರ್ಷ ಹಿತ್ತಲ ಬಾಗಲದಾಗ ಅಷ್ಟ ರಂಗೋಲಿ ಹಾಕೀನಿ, ಮುಂದಿನ ಬಾಗಲಕ್ಕ ಬಂದಿಲ್ಲ. ಅತ್ತಿ ಮಾವ ಹ್ವಾದ ಮ್ಯಾಲೆ ಬಂದೆ. ಏನೂ ಆಗಲಿಲ್ಲ. ಮೂವತ್ತು ವರ್ಷ ಸುಮ್ನ ಹ್ವಾದವು" ಎಂದು ಹೇಳಿ ಕುಳಿತರು. ಅಲ್ಲಿಗೆ ಚರ್ಚೆ ಮುಗಿಯಿತು. ಆದರೂ ಆ ತಾಯಿಯನ್ನು ಎಲ್ಲರೆದುರು ಮುಂದೆ ತಂದು ನಿಲ್ಲಿಸಿ ಮುಜುಗರಪಡಿಸಬಾರದು. ಮೊದಲು ಮನೆಗೆ ಹೋಗಿ ಕೇಳಬೇಕು, ಅವರು ಒಲ್ಲೆನೆಂದರೆ ಅಲ್ಲಿಗೇ ಬಿಡಬೇಕು ಎಂದು ನಿರ್ಣಯವಾಯಿತು. ಇದು ನಮಗೆ ಬಹಳ ಸರಿಯೆನಿಸಿತು.

ಕೇಳಲು ಹೋದವರಿಗೆ ಆ ತಾಯಿ, "ತೊಟ್ಲ ಮುಂದ ಈ ವರ್ಷ ಬ್ಯಾಡ್ರಿ, ನನಗ ಅಳು ಬರತೈತಿ. ಆದರ ನನ್ನ ಅಂಗಳದಾಗ ಹಾಕ್ತೀನಿ" ಎಂದರು.

ಏಪ್ರಿಲ್ 29ರ ರಾತ್ರಿ, ಊಟವಾದ ಮೇಲೆ, ಅವರ ಅಂಗಳದಲ್ಲಿ ದೀಪ ಹಚ್ಚಿತ್ತು. ಯುಗಾದಿಯಂದು ಪ್ರಶ್ನೆ ಕೇಳಿದ್ದ ಹುಡುಗಿಯೂ, ಪರೀಕ್ಷೆ ಮುಗಿಸಿದ ಅಕ್ಕನೂ, ಎದುರು ಮನೆಯ ಹೊಸ ಸೊಸೆಯೂ ಸುತ್ತ ಕುಳಿತಿದ್ದರು. ಹದಿನೈದರಿಂದ ಎಂಟರ ಚುಕ್ಕಿಯಲ್ಲೇ ತೊಟ್ಟಿಲು ಮೂಡುವ ಒಂದು ಹಳೆಯ ರಂಗೋಲಿಯನ್ನು ಅವರು ಹಾಕಿದರು. ನಡುನಡುವೆ ಹುಡುಗಿಯರ ಕೈಗೂ ಎಳೆ ಬಿಡಲು ಕೊಟ್ಟರು. ಸೊಟ್ಟಾದ ಎಳೆಗಳನ್ನು ಅಳಿಸಲಿಲ್ಲ. ಬೆಳಿಗ್ಗೆ ಮಾವಿನ ಮರದ ಮನೆಯವರು ತಾವಾಗಿಯೇ ಎಲೆ ಕಳಿಸಿಕೊಟ್ಟರು. ಹಳೆಯ ಸುತಳಿಗೇ ಹೊಸ ಎಲೆ ಪೋಣಿಸಿದರು. ಎಲ್ಲರಿಗೂ ಇದು ಹಿಡಿಸಿತೆಂದಲ್ಲ. ಎರಡು ಮನೆಗಳವರು ಅಂದು ಆ ಅಂಗಳದ ಕಡೆ ನೋಡದೆಯೇ ಹಾದುಹೋದರು. ಅವರಲ್ಲೊಬ್ಬರು ತೊಟ್ಟಿಲು ತೂಗಲೂ ಬರಲಿಲ್ಲ. ಆ ತಾಯಿ ಅದನ್ನು ಕಂಡರು, ಏನೂ ಅನ್ನಲಿಲ್ಲ.

ಸಂಜೆ ಮೆರವ��ಣಿಗೆ ನಮ್ಮ ಓಣಿಗೆ ಬಂತು. ಕೊಂಬಿಗೆ ಬಣ್ಣ ಬಳಿದು, ಮೈಮೇಲೆ ಝೂಲ ಹೊದಿಸಿದ ಎತ್ತುಗಳು ಮುಂದೆ; ಹಿಂದೆ ಬಂಡಿಯಲ್ಲಿ ಬಸವಣ್ಣನವರ ಭಾವಚಿತ್ರ, ವಚನದ ಕಟ್ಟು. ಓಣಿ ಇಕ್ಕಟ್ಟಾದುದರಿಂದ ಎತ್ತುಗಳು ರಂಗೋಲಿಯನ್ನು ತುಳಿಯುವುದು ಖಂಡಿತವಾಗಿತ್ತು. ಹಗ್ಗ ಹಿಡಿದ ಯುವಕರು ಗಾಬರಿಯಿಂದ ಎತ್ತುಗಳನ್ನು ಗೋಡೆಯ ಕಡೆಗೆ ಜಗ್ಗತೊಡಗಿದರು. ಆ ತಾಯಿ ಈಗ ಹೊಸ್ತಿಲ ಹೊರಗೆ, ಕಟ್ಟೆಯ ಮೇಲೆ ನಿಂತಿದ್ದರು.

"ತುಳೀಲಿ ಬಿಡ್ರೋ ತಮ್ಮಾ" ಎಂದು ಕೂಗಿ ಹೇಳಿದರು. "ಬಸವಣ್ಣ ತುಳದರ ಏನಾಗತೈತಿ? ನಾಳೆ ಮುಂಜಾನೆ ಮತ್ತ ಹಾಕೂದ ಐತಿ."

ಮರುದಿನ ಮುಂಜಾನೆ ಹಾಕಿದರು.